ಲೆಕ್ಕ ಕೇಳಲು ಹಿಂಜರಿದ ದಿನ

ಪ್ರಶ್ನೆ: ಬೆಳಗಾವಿಯಲ್ಲಿ ಏಳು ವರ್ಷಗಳಿಂದ ಸಾರ್ವಜನಿಕ ಸಂಪರ್ಕದ ಸಣ್ಣ ಸಂಸ್ಥೆ ನಡೆಸುತ್ತಿದ್ದೇನೆ. ನಾನಲ್ಲದೆ ನಾಲ್ವರು ಸಿಬ್ಬಂದಿ ಇದ್ದಾರೆ. ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆ ನಮ್ಮ ಅತಿ ದೊಡ್ಡ ಕ್ಲೈಂಟ್. ತಿಂಗಳಿಗೆ ಒಂದೂವರೆ ಲಕ್ಷ ರೂಪಾಯಿ ಶುಲ್ಕ, ಅಂದರೆ ನಮ್ಮ ವರಮಾನದ ಶೇ 40ರಷ್ಟು. ಕಳೆದ ಹಂಗಾಮಿನ ಕೊನೆಗೆ ‘ರೈತರ ಕಬ್ಬಿನ ಬಿಲ್ ಸಂಪೂರ್ಣ ಪಾವತಿಯಾಗಿದೆ’ ಎಂಬ ಪ್ರಕಟಣೆ ಕಳುಹಿಸಲು ಹೇಳಿದರು. ಕಳುಹಿಸಿದೆವು. ಮೂರನೆಯ ದಿನ ರೈತರು ತೂಕದ ಚೀಟಿ, ಪಾಸ್‌ಬುಕ್ ಹಿಡಿದು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕುಳಿತರು. ಲೆಕ್ಕ ತೋರಿಸಿ ಎಂದು ಮೊದಲೇ ಕೇಳಬೇಕಿತ್ತು, ಆದರೆ ಧೈರ್ಯವಾಗಲಿಲ್ಲ. ನಮಗೂ ನಾಲ್ಕು ತಿಂಗಳ ಶುಲ್ಕ ಬರಬೇಕಿದೆ. ಎಂ.ಡಿ. ಸಾಹೇಬರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ನಮ್ಮ ಹುಡುಗಿಯರನ್ನು ಬೈಯುತ್ತಾರೆ. ಹೊಸ ಹಂಗಾಮಿಗೆ ಮತ್ತೆ ಅಂಥದ್ದೇ ಪ್ರಕಟಣೆ ಸಿದ್ಧಪಡಿಸಿ ಎಂದಿದ್ದಾರೆ. ಈ ಕ್ಲೈಂಟನ್ನು ಬಿಡಬೇಕೇ? ಬಿಡುವುದಾದರೆ ಯಾವಾಗ, ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಾಕಿ ಹಣ, ಬೈಗುಳ, ಸುಳ್ಳಾದ ಪ್ರಕಟಣೆ ಎಂದು ಮೂರು ಸಂಕಟಗಳನ್ನು ಹೇಳಿಕೊಂಡಿದ್ದೀರಿ. ನನ್ನ ಕಣ್ಣು ನಿಂತದ್ದು ಅವುಗಳ ನಡುವೆ ನೀವು ಹೇಳಿ ಮುಂದೆ ಹೋಗಿಬಿಟ್ಟ ಒಂದು ಮಾತಿನ ಮೇಲೆ: ‘ಲೆಕ್ಕ ಕೇಳಬೇಕಿತ್ತು, ಧೈರ್ಯವಾಗಲಿಲ್ಲ.’ ಇಪ್ಪತ್ತೇಳು ವರ್ಷ ಈ ವೃತ್ತಿಯಲ್ಲಿದ್ದು ನಾನು ಕಂಡುಕೊಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಲೈಂಟ್ ಸುಳ್ಳು ಹೇಳಿದ ದಿನವೇ ಸಂಬಂಧ ಮುಗಿಯಬೇಕೆಂದಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ನೀವು ಕೇಳದೆ ನುಂಗಿಕೊಂಡ ದಿನ ಅದು ಮುಗಿಯತೊಡಗುತ್ತದೆ. ಉತ್ತರ ಏನು ಬರುತ್ತದೆಂದು ಒಳಗೆ ಗೊತ್ತಿರುವುದರಿಂದಲೇ ನಾವು ಕೇಳಲು ಹೆದರುತ್ತೇವೆ.

ಕ್ಲೈಂಟ್ ನಮಗೆ ದುಡ್ಡು ಕೊಡುವುದು ಯಾತಕ್ಕೆ? ಪ್ರಕಟಣೆ ಬರೆಯುವುದಕ್ಕಲ್ಲ, ಕಾರ್ಖಾನೆಯ ಕಚೇರಿಯಲ್ಲಿ ಕನ್ನಡ ಬರೆಯಬಲ್ಲ ಗುಮಾಸ್ತರಿದ್ದಾರೆ. ನೀವು ಫೋನ್ ಮಾಡಿದರೆ ವರದಿಗಾರರು ಎತ್ತುತ್ತಾರೆ ಮತ್ತು ನೀವು ಹೇಳಿದ್ದನ್ನು ಮೊದಲ ನೋಟಕ್ಕೆ ನಂಬುತ್ತಾರೆ ಎಂಬುದಕ್ಕೆ ಕೊಡುತ್ತಾರೆ. ಬೆಂಗಳೂರಿನಲ್ಲಿ ಒಂದು ಪತ್ರಿಕೆಯ ವಿಶ್ವಾಸ ಕಳೆದುಕೊಂಡರೆ ಇನ್ನೊಂದಕ್ಕೆ ಹೋಗಬಹುದೇನೋ. ನಮ್ಮ ಕಡೆ ಹಾಗಲ್ಲ. ಬೆಳಗಾವಿಯಲ್ಲಿ ಕನ್ನಡ ಪತ್ರಿಕೆಗಳ ವರದಿಗಾರರು, ಮರಾಠಿ ಪತ್ರಿಕೆಗಳ ವರದಿಗಾರರು, ಟಿ.ವಿ. ವಾಹಿನಿಗಳವರು ಎಲ್ಲರೂ ಒಂದೇ ಪತ್ರಿಕಾಗೋಷ್ಠಿಯಲ್ಲಿ ಅಕ್ಕಪಕ್ಕ ಕುಳಿತು, ಒಂದೇ ಕಡೆ ಚಹಾ ಕುಡಿಯುವವರು. ಬಾಗಲಕೋಟೆ, ವಿಜಯಪುರಗಳಲ್ಲಿ ಈ ವಲಯ ಇನ್ನೂ ಸಣ್ಣದು. ‘ಆ ಮೇಡಂ ಕಳುಹಿಸುವ ಪ್ರಕಟಣೆಯನ್ನು ಒಮ್ಮೆ ಪರಿಶೀಲಿಸಿ ಹಾಕಿರಿ’ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರೆ ಸಾಕು. ನಿಮ್ಮ ಉಳಿದ ಕ್ಲೈಂಟುಗಳ ಕೆಲಸವೂ ಅಂದಿನಿಂದ ಭಾರವಾಗುತ್ತದೆ. ಅವರು ಯಾವ ತಪ್ಪನ್ನೂ ಮಾಡಿಲ್ಲದಿದ್ದರೂ ದಂಡ ತೆರುತ್ತಾರೆ.

ಇದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ. ಸುಮಾರು ಹನ್ನೆರಡು ವರ್ಷಗಳ ಹಿಂದೆ ಒಂದು ಪತ್ತಿನ ಸೌಹಾರ್ದ ಸಹಕಾರಿ ನನ್ನ ಕ್ಲೈಂಟ್ ಆಗಿತ್ತು. ಶಾಖೆಗಳ ಉದ್ಘಾಟನೆ, ವಾರ್ಷಿಕ ಸಭೆ, ಪ್ರತಿಭಾ ಪುರಸ್ಕಾರ ಎಲ್ಲವೂ ಚೆನ್ನಾಗಿಯೇ ನಡೆಯುತ್ತಿದ್ದವು. ಒಂದು ವರ್ಷ ಲೆಕ್ಕಪರಿಶೋಧನೆಯ ವರದಿ ತಡವಾಯಿತು. ಊರಿನಲ್ಲಿ ಗುಸುಗುಸು ಶುರುವಾಯಿತು. ಅಧ್ಯಕ್ಷರು ನನ್ನನ್ನು ಕರೆಸಿ ‘ನಿಮ್ಮ ಠೇವಣಿ ನಮ್ಮಲ್ಲಿ ಸುರಕ್ಷಿತ’ ಎಂಬ ತಲೆಬರಹದಡಿ ಪ್ರಕಟಣೆ ಬರೆಯಲು ಹೇಳಿದರು. ವಿಮೆ ಇದೆಯೇ ಎಂದು ಕೇಳಬೇಕೆಂದುಕೊಂಡೆ. ಬ್ಯಾಂಕ್ ಠೇವಣಿಗೆ ಆಗ 1 ಲಕ್ಷ ರೂಪಾಯಿವರೆಗೆ ವಿಮೆ ಇತ್ತು, 2020ರಿಂದ ಅದು 5 ಲಕ್ಷಕ್ಕೆ ಏರಿದೆ. ಸಹಕಾರಿ ಬ್ಯಾಂಕುಗಳಿಗೂ ಆ ರಕ್ಷಣೆ ಇದೆ. ಪತ್ತಿನ ಸಹಕಾರಿಗಳ ಠೇವಣಿಗೆ ಅದು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅಷ್ಟು ನನಗೆ ಗೊತ್ತಿತ್ತು. ಆದರೂ ಕೇಳಲಿಲ್ಲ. ಮಗಳ ಕಾಲೇಜಿನ ಶುಲ್ಕ ಕಟ್ಟುವ ತಿಂಗಳು ಅದು. ಬರೆದುಕೊಟ್ಟೆ. ಐದು ಪತ್ರಿಕೆಗಳಲ್ಲಿ ಬಂತು.

ಎಂಟು ತಿಂಗಳ ನಂತರ ಆ ಸಂಸ್ಥೆಯ ಕೌಂಟರುಗಳು ಹಣ ಕೊಡುವುದನ್ನು ನಿಲ್ಲಿಸಿದವು. ಒಂದು ದಿನ ಬೆಳಿಗ್ಗೆ ನಿವೃತ್ತ ಶಾಲಾ ಶಿಕ್ಷಕರೊಬ್ಬರು ನನ್ನ ಕಚೇರಿಗೆ ಬಂದರು. ಧೋತರ, ಬಿಳಿ ಅಂಗಿ, ಕೈಯಲ್ಲಿ ಒಂದು ಚೀಲ. ಚೀಲದಿಂದ ಪತ್ರಿಕೆಯ ತುಣುಕನ್ನು ತೆಗೆದು ಮೇಜಿನ ಮೇಲೆ ಇಟ್ಟು, ‘ಸಾಹೇಬರೇ, ಇದನ್ನು ಬರೆದವರು ನೀವೇ ಎಂದು ಹೇಳಿದರು. ಹೌದೇ?’ ಎಂದು ಕೇಳಿದರು. ಹೌದು ಗುರುಗಳೇ ಎಂದೆ. ‘ಇದನ್ನು ಓದಿದ ಮೇಲೆ ನನ್ನ ನಿವೃತ್ತಿಯ ಹಣದಲ್ಲಿ ಉಳಿದದ್ದನ್ನೂ ಅಲ್ಲಿಯೇ ಇಟ್ಟೆ’ ಎಂದರು. ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ನಾನು ಕೊಟ್ಟ ನೀರನ್ನು ಕುಡಿದು ತುಣುಕನ್ನು ಮಡಚಿ ಮತ್ತೆ ಚೀಲಕ್ಕೆ ಹಾಕಿಕೊಂಡು ಹೋದರು. ಆ ಸಂಸ್ಥೆಯಿಂದ ನನಗೆ ಬರಬೇಕಾಗಿದ್ದ ಎರಡು ತಿಂಗಳ ಶುಲ್ಕವೂ ಮುಳುಗಿತು. ಆದರೆ ಅದನ್ನು ನಷ್ಟ ಎಂದು ಹೇಳಿಕೊಳ್ಳಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ.

ಇನ್ನು ನಿಮ್ಮ ಕಾರ್ಖಾನೆಯ ವಿಷಯ. ಕಬ್ಬಿನ ಬಿಲ್ಲಿನ ಬಗ್ಗೆ ಬರೆಯುವವರು ಅದರ ಲೆಕ್ಕವನ್ನು ತಿಳಿದಿರಲೇಬೇಕು. ಏಕೆಂದರೆ ಕಚೇರಿಯ ಕಾಗದದಲ್ಲಿ ನಿಜವಾಗಿರುವ ವಾಕ್ಯ ಹೊಲದಲ್ಲಿ ಸುಳ್ಳಾಗುವುದು ಈ ವಿಷಯದಲ್ಲಿ ತೀರಾ ಸಾಮಾನ್ಯ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ನ್ಯಾಯಸಮ್ಮತ ಮತ್ತು ಲಾಭದಾಯಕ ದರ, ನಾವೆಲ್ಲ ಎಫ್‌ಆರ್‌ಪಿ ಎನ್ನುವುದು, ಕ್ವಿಂಟಲ್‌ಗೆ 355 ರೂಪಾಯಿ. ಸಕ್ಕರೆ ಇಳುವರಿ, ಅಂದರೆ ಕಬ್ಬಿನಿಂದ ತೆಗೆದ ಸಕ್ಕರೆಯ ಪ್ರಮಾಣ, ಶೇ 10.25 ಇದ್ದರೆ ಈ ದರ. ಇಳುವರಿ ಶೇ 0.1 ಹೆಚ್ಚಿದಂತೆಲ್ಲ ಕ್ವಿಂಟಲ್‌ಗೆ 3.46 ರೂಪಾಯಿ ಕೂಡುತ್ತದೆ. ಇಳುವರಿ ಶೇ 9.5ಕ್ಕಿಂತ ಕೆಳಗಿದ್ದರೂ 329.05 ರೂಪಾಯಿಗಿಂತ ಕಡಿಮೆ ಕೊಡುವಂತಿಲ್ಲ. ಇದು ಕಾರ್ಖಾನೆಯ ಗೇಟಿನಲ್ಲಿನ ದರ. ಕಟಾವು ಮತ್ತು ಸಾಗಣೆಯ ವೆಚ್ಚವನ್ನು ಕಾರ್ಖಾನೆ ಕಳೆದುಕೊಂಡ ಮೇಲೆ ಉಳಿದದ್ದು ರೈತರ ಖಾತೆಗೆ ಬರುತ್ತದೆ. ‘ಟನ್ನಿಗೆ 3,550 ರೂಪಾಯಿ ಕೊಟ್ಟಿದ್ದೇವೆ’ ಎಂದು ಕಾರ್ಖಾನೆ ಹೇಳಿದರೆ ಅದರ ಪುಸ್ತಕದ ಪ್ರಕಾರ ಸುಳ್ಳಲ್ಲ. ಪಾಸ್‌ಬುಕ್ ತೆರೆದು ನೋಡುವ ರೈತರಿಗೆ ಅದು ನಿಜವಲ್ಲ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಹಸಿರು ಶಾಲಿನ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ರಸ್ತೆಯಲ್ಲಿ ಕುಳಿತಾಗ, ಜಗಳದ ಬಹುಪಾಲು ಈ ಎರಡು ಲೆಕ್ಕಗಳ ನಡುವಿನ ಅಂತರದ್ದೇ ಆಗಿತ್ತು.

ಇನ್ನೊಂದು ಮಾತು ಗಡುವಿನದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನಗಳೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಿ ಕೊಡಬೇಕು. ಆದ್ದರಿಂದ ‘ಸಂಪೂರ್ಣ ಪಾವತಿ’ ಎಂಬ ಎರಡು ಪದಗಳ ಹಿಂದೆ ನೀವು ಕೇಳಬೇಕಾಗಿದ್ದ ಪ್ರಶ್ನೆಗಳು ಹಲವು. ಯಾವ ದಿನಾಂಕದವರೆಗೆ ನುರಿಸಿದ ಕಬ್ಬಿಗೆ? ಗೇಟಿನ ದರವೋ, ವೆಚ್ಚ ಕಳೆದ ದರವೋ? ಎರಡನೆಯ ಕಂತು ಸೇರಿದೆಯೇ? ತಡವಾದದ್ದಕ್ಕೆ ಬಡ್ಡಿ ಸೇರಿದೆಯೇ? ಬ್ಯಾಂಕಿಗೆ ಪಟ್ಟಿ ಕಳುಹಿಸಿದ್ದೀರೋ, ರೈತರ ಖಾತೆಗೆ ಜಮೆಯಾಗಿದೆಯೋ? ಇವುಗಳಲ್ಲಿ ಒಂದನ್ನೂ ಕೇಳಲು ಸಿಟ್ಟಿನ ಧ್ವನಿ ಬೇಕಾಗಿಲ್ಲ. ಕಬ್ಬು ವಿಭಾಗದ ಮುಖ್ಯಸ್ಥರಿಗೆ ಬರೆಯುವ ನಾಲ್ಕು ಸಾಲಿನ ಮಿಂಚಂಚೆ ಸಾಕು. ಉತ್ತರ ಬಂದರೆ ನಿಮ್ಮ ಪ್ರಕಟಣೆ ಗಟ್ಟಿಯಾಗುತ್ತದೆ. ಬರದಿದ್ದರೆ ನಿಮಗೆ ತಿಳಿಯಬೇಕಾದದ್ದು ತಿಳಿಯಿತು.

ಈ ಕಸುಬಿನ ಆರಂಭದ ಕಾಲದಲ್ಲಿಯೇ ಈ ಮಾತಿದೆ ಎಂಬುದು ನನಗೆ ಧೈರ್ಯ ಕೊಡುತ್ತದೆ. ಈ ವೃತ್ತಿಯ ಆದ್ಯರಲ್ಲಿ ಒಬ್ಬರಾದ ಅಮೆರಿಕದ ಐವಿ ಲೀ 1906ರಲ್ಲಿ ಪತ್ರಿಕೆಗಳಿಗೆ ಕಳುಹಿಸಿದ ತತ್ವಗಳ ಹೇಳಿಕೆಯಲ್ಲಿ, ತಾವು ಕೊಡುವ ಯಾವುದೇ ಸಂಗತಿಯನ್ನು ಸಂಪಾದಕರು ನೇರವಾಗಿ ಪರಿಶೀಲಿಸಲು ಬಯಸಿದರೆ ಸಂತೋಷದಿಂದ ನೆರವಾಗುವುದಾಗಿ ಹೇಳಿದ್ದರು. ಪರಿಶೀಲನೆಗೆ ಬಾಗಿಲು ತೆರೆದಿಡುವುದು ನಮ್ಮ ವೃತ್ತಿಯ ಮೊದಲ ಮಾತು ಎಂದಾಯಿತು. ಅದೇ ಐವಿ ಲೀ ಬದುಕಿನ ಕೊನೆಯಲ್ಲಿ ನಾಜಿ ಆಡಳಿತಕ್ಕೆ ಹತ್ತಿರವಾಗಿದ್ದ ಜರ್ಮನಿಯ ಐ.ಜಿ. ಫಾರ್ಬೆನ್ ಕಂಪನಿಗೆ ಸಲಹೆ ನೀಡಿದ್ದಕ್ಕಾಗಿ 1934ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಉತ್ತರ ಕೊಡಬೇಕಾಯಿತು. ಅದೇ ವರ್ಷ ತೀರಿಕೊಂಡರು. ಇಂದು ಅವರನ್ನು ನೆನೆಯುವವರು ತತ್ವಗಳ ಜೊತೆಗೆ ಆ ಕ್ಲೈಂಟನ್ನೂ ನೆನೆಯುತ್ತಾರೆ.

ತಡವಾಗಿ ಬಿಟ್ಟವರ ಗತಿಗೆ ಹತ್ತಿರದ ಉದಾಹರಣೆ ಲಂಡನ್ನಿನ ಬೆಲ್ ಪಾಟಿಂಜರ್ ಎಂಬ ಸಾರ್ವಜನಿಕ ಸಂಪರ್ಕ ಸಂಸ್ಥೆ. 2016ರಲ್ಲಿ ಅದು ದಕ್ಷಿಣ ಆಫ್ರಿಕಾದ ಗುಪ್ತಾ ಕುಟುಂಬದ ಓಕ್‌ಬೇ ಕಂಪನಿಯ ಕೆಲಸವನ್ನು ತಿಂಗಳಿಗೆ 1 ಲಕ್ಷ ಪೌಂಡ್ ಶುಲ್ಕಕ್ಕೆ ಹಿಡಿಯಿತು. ಆ ದೇಶದಲ್ಲಿ ಜನಾಂಗೀಯ ದ್ವೇಷವನ್ನು ಕೆದಕುವ ಪ್ರಚಾರ ನಡೆಸಿತು ಎಂಬ ಆರೋಪ ಬಂತು. 2017ರ ಏಪ್ರಿಲ್‌ನಲ್ಲಿ ಕ್ಲೈಂಟನ್ನು ಬಿಟ್ಟಿತು. ಆದರೆ ಬಿಟ್ಟದ್ದು ಒತ್ತಡ ಬಂದ ಮೇಲೆ, ಮನಸ್ಸಿಗೆ ಬಂದು ಅಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ವೃತ್ತಿ ಸಂಘ ಅದನ್ನು ಹೊರಹಾಕಿತು. ಬೇರೆ ಕ್ಲೈಂಟುಗಳು ಒಬ್ಬೊಬ್ಬರಾಗಿ ಹೋದರು. ಕೆಲವೇ ದಿನಗಳಲ್ಲಿ ಸಂಸ್ಥೆ ದಿವಾಳಿಯ ಆಡಳಿತಕ್ಕೆ ಹೋಯಿತು. ಅಷ್ಟು ದೊಡ್ಡ ಸಂಸ್ಥೆಯ ಮಾತು ನಮಗೆ ಯಾಕೆ ಎನ್ನಬೇಡಿ. ಒಂದು ಕ್ಲೈಂಟಿನ ಕಾರಣಕ್ಕೆ ಉಳಿದವರು ಹೋಗುವ ರೀತಿ ಲಂಡನ್ನಿನಲ್ಲೂ ಬೆಳಗಾವಿಯಲ್ಲೂ ಒಂದೇ.

ಹಣದ ಬಾಕಿಗೆ ಬರೋಣ. ನನ್ನ ಅಭಿಪ್ರಾಯದಲ್ಲಿ ತಡವಾಗಿ ಹಣ ಕೊಡುವುದೊಂದೇ ಕ್ಲೈಂಟನ್ನು ಬಿಡಲು ಕಾರಣವಲ್ಲ. ನಮ್ಮ ಭಾಗದ ವ್ಯವಹಾರಗಳು ಬೆಳೆ, ಹಂಗಾಮು, ಸಾಲಗಳ ಮೇಲೆ ನಿಂತಿವೆ. ಸಕ್ಕರೆ ಮಾರಾಟವಾಗುವವರೆಗೆ ಕಾರ್ಖಾನೆಯ ಕೈಯಲ್ಲೂ ಹಣವಿರುವುದಿಲ್ಲ. ಆದರೆ ಬಾಕಿ ನಿಮ್ಮನ್ನು ಕೇಳಲಾರದವರನ್ನಾಗಿ ಮಾಡುತ್ತದೆ ಎಂಬುದು ಅದರ ನಿಜವಾದ ಅಪಾಯ. ಜಿಎಸ್‌ಟಿ ನೋಂದಣಿ ಇರುವುದರಿಂದ ಬಿಲ್ ಕೊಟ್ಟ ತಿಂಗಳೇ ಶೇ 18ರ ತೆರಿಗೆಯ ಹೊಣೆ ನಿಮ್ಮ ಮೇಲೆ ಬರುತ್ತದೆ, ಕ್ಲೈಂಟ್ ಹಣ ಕೊಡಲಿ ಬಿಡಲಿ. ನಾಲ್ಕು ತಿಂಗಳಿಗೆ 6 ಲಕ್ಷದ ಬಿಲ್ ಎಂದರೆ 1,08,000 ರೂಪಾಯಿಯನ್ನು ನೀವು ಈಗಾಗಲೇ ಕೈಯಿಂದ ಕಟ್ಟಿರುತ್ತೀರಿ. ಬರಬೇಕಾದ ಹಣ ಬರಲಿ ಎಂಬ ಆಸೆಯಿಂದ ಅವರು ಹೇಳಿದ್ದನ್ನೆಲ್ಲ ಬರೆಯುತ್ತೀರಿ; ಬರೆದಷ್ಟೂ ಬಾಕಿ ಬೆಳೆಯುತ್ತದೆ.

ಇದಕ್ಕೆ ದಾರಿ ಇದೆ. ಉದ್ಯಮ್ ನೋಂದಣಿ ಮಾಡಿಸಿದ್ದರೆ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ ಒಪ್ಪಂದ ಏನೇ ಇದ್ದರೂ 45 ದಿನಗಳೊಳಗೆ ಹಣ ಬರಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕಿದೆ. ಅದಕ್ಕೆಂದೇ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಆದರೆ ದೂರು ಕೊಟ್ಟ ಮೇಲೆ ಸಂಬಂಧ ಉಳಿಯುವುದು ಕಷ್ಟ, ಹಾಗಾಗಿ ಅದನ್ನು ಕೊನೆಯ ಹೆಜ್ಜೆಯಾಗಿ ಇಟ್ಟುಕೊಳ್ಳಿ. ಅದಕ್ಕಿಂತ ಮೊದಲು ಕಾರ್ಖಾನೆಯ ಮುಖ್ಯ ಲೆಕ್ಕಾಧಿಕಾರಿಯನ್ನು ಭೇಟಿಯಾಗಿ. ಸೂಕ್ಷ್ಮ ಮತ್ತು ಸಣ್ಣ ಸಂಸ್ಥೆಗಳಿಗೆ ಕಾನೂನಿನ ಗಡುವಿನೊಳಗೆ ಕೊಡದೆ ಉಳಿಸಿಕೊಂಡ ಹಣವನ್ನು ಕೊಡುವವರೆಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚಾಗಿ ತೋರಿಸಲಾಗದು. ಎಂ.ಡಿ. ಸಾಹೇಬರಿಗೆ ಇದು ತಲೆಗೆ ಹೋಗದಿರಬಹುದು, ಲೆಕ್ಕಾಧಿಕಾರಿಗೆ ಹೋಗುತ್ತದೆ. ನನಗೆ ಒಮ್ಮೆ ಆರು ತಿಂಗಳ ಬಾಕಿ ಬಂದದ್ದು ಹೀಗೆಯೇ, ಜಗಳವಿಲ್ಲದೆ.

ಬೈಗುಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮನ್ನು ಬೈದರೆ ತಾಳಿಕೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು. ನಿಮ್ಮ ಸಿಬ್ಬಂದಿಯನ್ನು ಬೈಯಲು ಅವರಿಗೆ ನೀವು ಅನುಮತಿ ಕೊಡುವಂತಿಲ್ಲ. ರಾತ್ರಿ ಎಂಟರ ನಂತರ ನಿಮ್ಮೊಬ್ಬರ ಸಂಖ್ಯೆಗೆ ಮಾತ್ರ ಕರೆ ಮಾಡಬೇಕೆಂದು ನಾಳೆಯೇ ಬರೆದು ತಿಳಿಸಿ. ಇನ್ನೊಮ್ಮೆ ಆ ಹುಡುಗಿಯರಿಗೆ ಕರೆ ಹೋದರೆ ಬೇರೆ ಯಾವ ಲೆಕ್ಕವನ್ನೂ ಹಾಕದೆ ಹೊರಬನ್ನಿ. ಇದರಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ.

ಯಾವಾಗ ಬಿಡಬಾರದು ಎಂಬುದನ್ನೂ ಹೇಳಬೇಕು, ಏಕೆಂದರೆ ಸಿಟ್ಟಿನಲ್ಲಿ ಬಿಟ್ಟು ಪಶ್ಚಾತ್ತಾಪ ಪಟ್ಟವರನ್ನೂ ಕಂಡಿದ್ದೇನೆ. ವಿಜಯಪುರದ ಒಂದು ಖಾಸಗಿ ಶಾಲೆಯ ಬಸ್ ಅಪಘಾತವಾಗಿ ಮಕ್ಕಳಿಗೆ ಗಾಯವಾಯಿತು. ಆ ಶಾಲೆ ನನಗೆ ಐದು ತಿಂಗಳಿನಿಂದ ಹಣ ಕೊಟ್ಟಿರಲಿಲ್ಲ. ಊರೆಲ್ಲ ಅವರ ಮೇಲೆ ಸಿಟ್ಟಾಗಿತ್ತು. ಈಗಲೇ ಕೈ ತೊಳೆದುಕೊಳ್ಳಿ ಎಂದು ಗೆಳೆಯರು ಹೇಳಿದರು. ನಾನು ಮುಖ್ಯಸ್ಥರನ್ನು ಕೇಳಿದೆ: ಬಸ್ಸಿನ ಅರ್ಹತಾ ಪತ್ರ ಚಾಲ್ತಿಯಲ್ಲಿದೆಯೇ? ಅವರು ಒಂದು ಕ್ಷಣವೂ ತಡೆಯದೆ, ಇಲ್ಲ, ಮುಗಿದು ಇಪ್ಪತ್ತು ದಿನವಾಗಿದೆ, ನಮ್ಮದೇ ತಪ್ಪು ಎಂದರು. ಅಷ್ಟು ಕೇಳಿದ ಮೇಲೆ ನಾನು ಬಿಡಲಿಲ್ಲ. ಸಂಜೆ ಪತ್ರಿಕಾಗೋಷ್ಠಿಯಲ್ಲಿ ಅವರು ಅದನ್ನೇ ಹೇಳಿದರು. ಮರುದಿನ ಕಟುವಾಗಿಯೇ ಸುದ್ದಿ ಬಂತು. ಆದರೆ ಒಂದೇ ಸಲ ಬಂತು. ಅಡಗಿಸಿಟ್ಟಿದ್ದರೆ ಹದಿನೈದು ದಿನ ಬರುತ್ತಿತ್ತು. ಸಂಕಟದ ನಡುವೆ ನಿಜ ಹೇಳುವ ಕ್ಲೈಂಟನ್ನು ಬಿಟ್ಟು ಓಡುವುದು ನಮ್ಮ ವೃತ್ತಿಗೆ ಮಾಡುವ ದ್ರೋಹ. ಅವರು ಬಾಕಿಯನ್ನೆಲ್ಲ ಆಮೇಲೆ ಕೊಟ್ಟರು. ಕೊಡದಿದ್ದರೂ ನಾನು ಅಂದು ಮಾಡಿದ್ದನ್ನೇ ಮಾಡುತ್ತಿದ್ದೆ.

ಇದಕ್ಕೆ ಎದುರಾದ ಇನ್ನೊಂದು ಪ್ರಸಂಗ, ಬೆಳಗಾವಿಯವರಿಗೆ ಮಾತ್ರ ಪೂರ್ತಿ ಅರ್ಥವಾಗುವಂಥದ್ದು. ಒಬ್ಬ ಬಡಾವಣೆ ಉದ್ಯಮಿ ತಮ್ಮ ಪ್ರಕಟಣೆಯನ್ನು ಕನ್ನಡ ಪತ್ರಿಕೆಗಳಿಗೆ ಒಂದು ರೀತಿ, ಮರಾಠಿ ಪತ್ರಿಕೆಗಳಿಗೆ ಇನ್ನೊಂದು ರೀತಿ ಬರೆಯಲು ಹೇಳಿದರು. ಭಾಷೆ ಬೇರೆ ಇರಬೇಕಾದದ್ದು ಸಹಜ, ನಾವೆಲ್ಲ ಎರಡೂ ಭಾಷೆಗಳಲ್ಲಿ ಕಳುಹಿಸುವವರೇ. ಅವರು ಕೇಳಿದ್ದು ಬೇರೆ ಬೇರೆ ಭರವಸೆಗಳನ್ನು. ಗಡಿಯ ಊರಿನಲ್ಲಿ ಇದು ಬೆಂಕಿಯ ಜೊತೆಗಿನ ಆಟ. ಎರಡೂ ಭಾಷೆಗಳಲ್ಲಿ ಒಂದೇ ಮಾತು ಇರಬೇಕೆಂದೆ. ಅವರು ನಕ್ಕು ‘ಯಾರು ಎರಡನ್ನೂ ಓದುತ್ತಾರೆ?’ ಎಂದರು. ಈ ಊರಿನಲ್ಲಿ ಎರಡನ್ನೂ ಓದುವವರು ಸಾವಿರಾರು ಜನ. ಆ ಕ್ಲೈಂಟನ್ನು ಅಂದೇ ಬಿಟ್ಟೆ. ಒಂದು ರಾತ್ರಿಯೂ ಯೋಚಿಸಲಿಲ್ಲ. ಅವರು ನನಗೆ ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಿ. ಓದುಗರ ಬಗ್ಗೆ ಅವರಿಗಿದ್ದ ತಾತ್ಸಾರ ನನಗೆ ಸಾಕಾಯಿತು.

ನಿಮ್ಮ ಕಾರ್ಖಾನೆ ಈ ಎರಡರ ನಡುವೆ ಎಲ್ಲಿದೆ? ಅದು ನಿಮಗೂ ತಿಳಿದಿಲ್ಲ, ಏಕೆಂದರೆ ನೀವು ಇನ್ನೂ ಕೇಳಿಲ್ಲ. ಎಂ.ಡಿ. ಸಾಹೇಬರಿಗೆ ಅವರ ಕಚೇರಿಯವರೇ ತಪ್ಪು ಅಂಕಿ ಕೊಟ್ಟಿರಬಹುದು. ಗೇಟಿನ ದರದ ಲೆಕ್ಕವನ್ನೇ ಅವರು ಪ್ರಾಮಾಣಿಕವಾಗಿ ‘ಸಂಪೂರ್ಣ’ ಎಂದುಕೊಂಡಿರಬಹುದು. ಗೊತ್ತಿದ್ದೂ ಹೇಳಿಸಿರಬಹುದು. ಮೂರಕ್ಕೂ ಉತ್ತರ ಬೇರೆ. ಹಾಗಾಗಿ ಬಿಡುವ ನಿರ್ಧಾರಕ್ಕೆ ಮೊದಲು ಒಂದು ಭೇಟಿ ಆಗಬೇಕು. ಫೋನಿನಲ್ಲಿ ಬೇಡ, ಕಾರ್ಖಾನೆಗೇ ಹೋಗಿ, ಹಗಲಿನಲ್ಲಿ, ಲೆಕ್ಕಾಧಿಕಾರಿಯೂ ಇರುವಾಗ. ಕೇಳಬೇಕಾದದ್ದು ಮೂರು. ಕಳೆದ ಪ್ರಕಟಣೆಯಲ್ಲಿ ತಪ್ಪಾದದ್ದನ್ನು ಕಾರ್ಖಾನೆಯ ಹೆಸರಿನಲ್ಲಿಯೇ ಸ್ಪಷ್ಟೀಕರಣ ಕೊಟ್ಟು ಸರಿಪಡಿಸಬೇಕು. ಇನ್ನು ಮುಂದೆ ಹಣದ ಅಂಕಿ ಇರುವ ಪ್ರತಿಯೊಂದು ಪ್ರಕಟಣೆಗೂ ಕಬ್ಬು ವಿಭಾಗದ ಸಹಿ ಇರುವ ಪಟ್ಟಿ ಬೇಕು. ಬಾಕಿ ಶುಲ್ಕಕ್ಕೆ ದಿನಾಂಕ ಬೇಕು. ಮಾತಾಡಿ ಬಂದ ಮೇಲೆ ಅದೇ ಸಂಜೆ ಮಾತಾಡಿದ್ದನ್ನೆಲ್ಲ ಬರೆದು ಕಳುಹಿಸಿ.

ಮೂರರಲ್ಲಿ ಮೊದಲನೆಯದು ಮುಖ್ಯ. ಎರಡನ್ನು ಒಪ್ಪಿ ಮೊದಲನೆಯದನ್ನು ತಳ್ಳಿಹಾಕಿದರೆ ಬಿಡಿ. ಮೊದಲನೆಯದನ್ನು ಒಪ್ಪಿ, ಶುಲ್ಕಕ್ಕೆ ಮಾತ್ರ ಎರಡು ತಿಂಗಳ ಸಮಯ ಕೇಳಿದರೆ ಉಳಿಯಿರಿ. ಮತ್ತೆ ಆರು ತಿಂಗಳು ನೋಡಿ.

ಬಿಡುವುದಾದರೆ ಹಂಗಾಮಿಗೆ ಮೊದಲೇ ಬಿಡಬೇಕು. ಹಂಗಾಮು ಆರಂಭಿಸುವ ಬಾಯ್ಲರ್ ಪ್ರದೀಪನ ಸಮಾರಂಭದ ಆಮಂತ್ರಣ ಪತ್ರಿಕೆ ಅಚ್ಚಾಗುವುದಕ್ಕಿಂತ ಮುಂಚೆ ನಿಮ್ಮ ಪತ್ರ ಅವರ ಮೇಜಿನ ಮೇಲಿರಲಿ. ಗಾಣ ತಿರುಗಲು ಶುರುವಾದ ಮೇಲೆ ದಿನಕ್ಕೊಂದು ಸಮಸ್ಯೆ ಬರುತ್ತದೆ, ಪ್ರತಿಯೊಂದೂ ನಿಮ್ಮನ್ನು ಇನ್ನೊಂದು ವಾರ ಹಿಡಿದಿಡುತ್ತದೆ. ಅಷ್ಟರಲ್ಲಿ ಡಿಸೆಂಬರ್ ಬರುತ್ತದೆ. ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಆರಂಭವಾಗಿ ಬೆಂಗಳೂರಿನ ವರದಿಗಾರರೆಲ್ಲ ಇಲ್ಲಿಗೆ ಬಂದಿರುತ್ತಾರೆ, ಹೊರಗೆ ಟೆಂಟುಗಳಲ್ಲಿ ಕಬ್ಬು ಬೆಳೆಗಾರರು ಕುಳಿತಿರುತ್ತಾರೆ. ಆ ಹತ್ತು ದಿನಗಳಲ್ಲಿ ಕ್ಲೈಂಟನ್ನು ಬಿಟ್ಟರೆ ನೀವು ಏನೂ ಹೇಳದಿದ್ದರೂ ಅದು ಸುದ್ದಿಯಾಗುತ್ತದೆ.

ಪತ್ರ ಚಿಕ್ಕದಾಗಿರಲಿ. ಒಪ್ಪಂದದಲ್ಲಿ ಇರುವ ನೋಟಿಸ್ ಅವಧಿ, ಕೊನೆಯ ದಿನ, ಬರಬೇಕಾದ ಮೊತ್ತ, ಇಷ್ಟೇ. ಕಾರಣವನ್ನು ಎದುರು ಕುಳಿತು ಹೇಳಿ, ಕಾಗದದಲ್ಲಿ ದೂರುಗಳ ಪಟ್ಟಿ ಮಾಡಬೇಡಿ. ಛಾಯಾಚಿತ್ರಗಳು, ಫೇಸ್‌ಬುಕ್ ಪುಟದ ಪಾಸ್‌ವರ್ಡ್, ವರದಿಗಾರರ ಪಟ್ಟಿ, ಅರ್ಧ ಮುಗಿದ ಕೆಲಸ ಎಲ್ಲವನ್ನೂ ಒಪ್ಪಿಸಿ ಸಹಿ ಪಡೆಯಿರಿ. ಬಾಕಿಗಾಗಿ ಪಾಸ್‌ವರ್ಡ್ ಹಿಡಿದಿಟ್ಟುಕೊಳ್ಳುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹಾಗೆಯೇ ಮರುದಿನವೇ ಎದುರಾಳಿ ಕಾರ್ಖಾನೆಯ ಕೆಲಸ ಹಿಡಿಯಬೇಡಿ. ಒಂದು ಹಂಗಾಮಾದರೂ ಕಳೆಯಲಿ.

ಎಲ್ಲಕ್ಕಿಂತ ಕಷ್ಟದ್ದು ಗುಟ್ಟಿನ ಪ್ರಶ್ನೆ. ಕ್ಲೈಂಟಿನ ಒಳಗಿನ ಮಾತುಗಳು ಸಂಬಂಧ ಮುಗಿದ ಮೇಲೂ ಗುಟ್ಟೇ. ಆದರೆ ನಿಮ್ಮ ಕೈಯಿಂದ ಹೋದ ಪ್ರಕಟಣೆಯ ಹೊಣೆ ನಿಮ್ಮದು. ಭಾರತೀಯ ಸಾರ್ವಜನಿಕ ಸಂಪರ್ಕ ಸಂಘ 1968ರ ಏಪ್ರಿಲ್ 21ರಂದು ಅಥೆನ್ಸ್ ನೀತಿ ಸಂಹಿತೆಯನ್ನು ಒಪ್ಪಿಕೊಂಡಿತು. ಅದೇ ದಿನವನ್ನು ನಾವು ಪ್ರತಿ ವರ್ಷ ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನವಾಗಿ ಆಚರಿಸುತ್ತೇವೆ. ಕ್ಲೈಂಟಿಗೂ ನಿಷ್ಠೆ, ಸತ್ಯಕ್ಕೂ ನಿಷ್ಠೆ ಎಂದು ಆ ಸಂಹಿತೆ ಬಯಸುತ್ತದೆ. ಎರಡೂ ಎದುರುಬದುರಾದಾಗ ನಾನು ಹಿಡಿದ ದಾರಿ ಇದು: ಕಾರ್ಖಾನೆ ಸ್ಪಷ್ಟೀಕರಣ ಕೊಡಲು ಒಪ್ಪದಿದ್ದರೆ, ಆ ಪ್ರಕಟಣೆಯನ್ನು ನೀವು ಯಾರಿಗೆಲ್ಲ ಕಳುಹಿಸಿದ್ದಿರೋ ಅವರಿಗೆ ಮಾತ್ರ, ‘ಅದನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ, ವಿವರವನ್ನು ಕಾರ್ಖಾನೆಯನ್ನೇ ಕೇಳಿ, ಈಗ ನಾನು ಅವರ ಕೆಲಸ ಮಾಡುತ್ತಿಲ್ಲ’ ಎಂದು ತಿಳಿಸಿ. ಒಳಗೆ ಯಾರು ಏನು ಹೇಳಿದರು ಎಂಬುದರ ಒಂದು ಅಕ್ಷರವೂ ಬೇಡ. ಕೆಲವು ಹಿರಿಯರು ಇಷ್ಟನ್ನೂ ಹೇಳಬಾರದು ಎನ್ನುತ್ತಾರೆ. ಆ ಶಿಕ್ಷಕರ ಚೀಲವನ್ನು ಕಂಡ ಮೇಲೆ ನಾನು ಅವರ ಮಾತನ್ನು ಒಪ್ಪಲಾರೆ.

ಶೇ 40ರಷ್ಟು ವರಮಾನ ಹೋದರೆ ಹೇಗೆ ಎಂಬುದು ನಿಮ್ಮ ನಿಜವಾದ ಭಯ. ಅದು ನ್ಯಾಯವಾದ ಭಯವೇ. ನೋಟಿಸ್ ಕೊಡುವ ಮೊದಲು ಮೂರು ತಿಂಗಳ ಸಂಬಳದಷ್ಟು ಕೈಯಲ್ಲಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಮೊದಲು ಅದನ್ನು ಹೊಂದಿಸಿ, ಅಲ್ಲಿಯವರೆಗೆ ಅಂಕಿ ಇರುವ ಪ್ರಕಟಣೆ ಒಂದನ್ನೂ ಬರೆಯಬೇಡಿ. ಸಿಬ್ಬಂದಿಗೆ ಮುಂಚಿತವಾಗಿ ಹೇಳಿ, ಅವರಿಗೆ ಕೊನೆಯಲ್ಲಿ ಗೊತ್ತಾಗಬಾರದು. ಹೊಸ ಕೆಲಸ ನಮ್ಮ ಸುತ್ತಲೇ ಇದೆ: ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಫೌಂಡ್ರಿಗಳು, ಇಳಕಲ್ಲಿನ ನೇಕಾರರ ಸಂಘಗಳು, ವಿಜಯಪುರದ ಒಣದ್ರಾಕ್ಷಿಯವರು, ಇಂಡಿ ತಾಲ್ಲೂಕಿನ ಲಿಂಬೆ ಬೆಳೆಗಾರರು. ಒಬ್ಬೊಬ್ಬರೂ ಕೊಡುವುದು ಇಪ್ಪತ್ತು ಮೂವತ್ತು ಸಾವಿರ ಇರಬಹುದು. ಐದು ಸಣ್ಣ ಕ್ಲೈಂಟುಗಳಿರುವಾಗ ಯಾರ ಮುಂದೆಯೂ ಪ್ರಶ್ನೆಯನ್ನು ನುಂಗಿಕೊಳ್ಳಬೇಕಾಗುವುದಿಲ್ಲ. ಇನ್ನು ಮುಂದೆ ಯಾವ ಒಬ್ಬ ಕ್ಲೈಂಟೂ ನಿಮ್ಮ ವರಮಾನದ ಕಾಲು ಭಾಗಕ್ಕಿಂತ ಹೆಚ್ಚಾಗದಂತೆ ನೋಡಿಕೊಳ್ಳಿ.

ಇವೆಲ್ಲಕ್ಕಿಂತ ಮೊದಲು, ಈ ವಾರವೇ ಮಾಡಬಹುದಾದದ್ದು ಒಂದಿದೆ. ಆ ಪ್ರಕಟಣೆಯನ್ನು ನಿಮ್ಮ ಮಾತಿನ ಮೇಲೆ ನಂಬಿ ಹಾಕಿದ ವರದಿಗಾರರೊಬ್ಬರು ಮುಧೋಳದಲ್ಲೋ ಜಮಖಂಡಿಯಲ್ಲೋ ಇರುತ್ತಾರೆ. ರೈತರು ಧರಣಿ ಕುಳಿತ ದಿನ ಅವರು ತಮ್ಮ ಊರಿನವರಿಗೆ ಏನು ಹೇಳಬೇಕಾಯಿತೋ ನಮಗೆ ತಿಳಿಯದು. ಬಸ್ಸು ಹತ್ತಿ ಅವರ ಬಳಿಗೆ ಹೋಗಿ. ಲೆಕ್ಕ ಕೇಳದೆ ಕಳುಹಿಸಿದೆ, ನನ್ನದು ತಪ್ಪಾಯಿತು ಎಂದು ಹೇಳಿ. ಅವರು ಬೈದರೆ ಬೈಸಿಕೊಳ್ಳಿ. ಚಹಾ ಕೊಟ್ಟರೆ ಕುಡಿದು ಬನ್ನಿ.